ಲೈನ್ ಮನೆಗೆ ಹೊರಟ ಮಾನವ ಹಕ್ಕುಗಳ ತರಗತಿ

ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಮಾನವ ಹಕ್ಕುಗಳ ಪಠ್ಯವಿಷಯದ ಜೊತೆಗೆ ಸಮುದಾಯ ಯೋಜನೆಯೂ ಇದೆ. 30 ವಿದ್ಯಾರ್ಥಿಗಳು, ಒಂದು ಸೆಮಿಸ್ಟರ್. ಕಳೆದ ವರ್ಷ ಮಾನವ ಹಕ್ಕುಗಳ ದಿನವಾದ ಡಿಸೆಂಬರ್ 10ರಂದು ಮೂಡಿಗೆರೆ ಕಡೆಯ ಹಳ್ಳಿಯೊಂದರಲ್ಲಿ ಅರಿವು ಕಾರ್ಯಕ್ರಮ ನಡೆಸಿ, 60 ಮನೆಗಳ ಸಮೀಕ್ಷೆ ಮಾಡಿದೆವು. ತೋಟದ ಕೂಲಿಯವರು ಸಭೆಗೆ ಬರಲೇ ಇಲ್ಲ, ಸಮೀಕ್ಷೆಯ ಹಾಳೆಗಳು ಬೀರುವಿನಲ್ಲಿ ಬಿದ್ದಿವೆ. ಈ ಸಲ ಏನು ಬದಲಿಸಬೇಕು? ಜನರಿಂದ ಮಾನವ ಹಕ್ಕುಗಳ ಆಯೋಗಕ್ಕೆ ನೇರವಾಗಿ ದೂರು ಬರೆಸಬಹುದೇ?

ಉತ್ತರ: ಡಿಸೆಂಬರ್ 10 ಅರೇಬಿಕಾ ಕೊಯ್ಲು ಬಿರುಸಾಗಿರುವ ಹೊತ್ತು. ಅಂದು ಭಾಷಣ ಕೇಳಲು ಬಂದವರಿಗೆ ಆ ದಿನದ ಕೂಲಿ ಹೋಗುತ್ತದೆ. ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ಯುವವರಿಗಂತೂ ವರ್ಷದಲ್ಲಿ ನಾಲ್ಕು ಕಾಸು ಉಳಿಯುವುದೇ ಈ ಕೆಲವು ವಾರಗಳಲ್ಲಿ. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ ಹಣ್ಣಾಗುತ್ತದೆ, ಅದು ಫೆಬ್ರವರಿ ದಾಟಿಸುತ್ತದೆ, ಜೊತೆಗೆ ಮೆಣಸು. ಆದ್ದರಿಂದ ಮೊದಲ ಬದಲಾವಣೆ ದಿನಾಂಕದ್ದು. ಎಲ್ಲರನ್ನೂ ಕರೆಯುವ ಸಭೆಯನ್ನೇ ಕೈಬಿಟ್ಟು, ಆ ತೋಟಗಳ ಕೂಲಿ ಬಟವಾಡೆ ಯಾವ ದಿನ, ಸಂತೆ ಯಾವ ದಿನ ಎಂದು ತಿಳಿದುಕೊಳ್ಳಿ. ಬಟವಾಡೆ ಮುಗಿದು ಸಂತೆಗೆ ಹೋಗುವ ನಡುವಿನ ಎರಡು ಗಂಟೆ, ಇಲ್ಲವೇ ರಜೆಯ ಬೆಳಗ್ಗೆ, ಇವೆರಡೇ ನಿಮಗೆ ಸಿಗುವ ಸಮಯ. ಸಂಜೆ ಐದರ ಮೇಲೆ ಕೂಲಿಯವರು ಬಿಡುವಾಗಿರುತ್ತಾರೆ ನಿಜ. ಆದರೆ ಮೂಡಿಗೆರೆ, ಆಲೂರು, ಸಕಲೇಶಪುರದ ತೋಟದ ದಾರಿಗಳಲ್ಲಿ ಕತ್ತಲಾದ ಮೇಲೆ ಆನೆ ಅಡ್ಡ ಬರುವ ಭಯವಿದೆ, ಹುಡುಗರನ್ನು ಆ ಹೊತ್ತಿನಲ್ಲಿ ನಡೆಸಬೇಡಿ.

ಬೀರುವಿನಲ್ಲಿರುವ 60 ಹಾಳೆಗಳು ಹೊಸ ಕೆಲಸಕ್ಕಿಂತ ಮುಂಚಿನ ಕೆಲಸ. ಯಾರ ಮನೆಯಲ್ಲಿ ಎಷ್ಟು ಸಾಲ, ಯಾರ ಮಗು ಶಾಲೆ ಬಿಟ್ಟಿದೆ, ಕೂಲಿ ಎಷ್ಟು ಎಂಬುದು ಹೆಸರಿನ ಸಮೇತ ಅವುಗಳಲ್ಲಿದ್ದರೆ, ಅವು ತೋಟದ ಲೆಕ್ಕ, ಮೇಲ್ವಿಚಾರಣೆ ನೋಡುವ ರೈಟರ್ ಕೈಗೆ ಸಿಕ್ಕ ದಿನ ಆ ಮನೆಯವರು ಕೆಲಸ ಕಳೆದುಕೊಳ್ಳಬಹುದು. ಲೈನ್ ಮನೆಯಲ್ಲಿ, ಅಂದರೆ ತೋಟದೊಳಗೆ ಕೂಲಿಯವರಿಗೆ ಕೊಟ್ಟ ಸಾಲುಮನೆಯಲ್ಲಿ, ಕೆಲಸ ಹೋಯಿತೆಂದರೆ ಸೂರೂ ಹೋಯಿತೆಂದೇ ಅರ್ಥ. ಹೆಸರಿನ ಪುಟವನ್ನು ಬೇರ್ಪಡಿಸಿ, ಪ್ರತಿ ಮನೆಗೆ ಒಂದು ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿಯನ್ನು ನೀವೊಬ್ಬರೇ ಬೀಗ ಹಾಕಿ ಇಟ್ಟುಕೊಳ್ಳಿ. ಹಾಳೆಗಳ ಫೋಟೋ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿದ್ದರೆ ಅಳಿಸಿಹಾಕಿಸಿ. ಆಮೇಲೆ ಅದೇ ಹಳ್ಳಿಗೆ ಹೋಗಿ, ಕೇಳಿದ ಮಾಹಿತಿಯಿಂದ ಏನಾಯಿತು, ಏನಾಗಲಿಲ್ಲ ಎಂದು ಹೇಳಿ ಬನ್ನಿ. ಇದನ್ನು ಮಾಡದೆ ಎರಡನೇ ಸಲ ಪ್ರಶ್ನಾವಳಿ ಹಿಡಿದು ಹೋದರೆ ಜನ ಬಾಗಿಲು ತೆರೆಯುತ್ತಾರೆ, ಉತ್ತರವನ್ನೂ ಕೊಡುತ್ತಾರೆ. ಆದರೆ ಆ ಉತ್ತರ ನಿಮ್ಮನ್ನು ಬೇಗ ಸಾಗಹಾಕಲಿಕ್ಕೆ ಹೇಳಿದ್ದಾಗಿರುತ್ತದೆ.

ಈ ಸಲದ ಯೋಜನೆಯನ್ನು ಒಂದು ಅಳತೆಗೆ ಕಟ್ಟಿಹಾಕಿ: ಸೆಮಿಸ್ಟರ್ ಮುಗಿಯುವಾಗ ಎಷ್ಟು ಅರ್ಜಿಗಳಿಗೆ ಕಚೇರಿಯ ಮೊಹರು ಬಿದ್ದಿದೆ, ಎಷ್ಟಕ್ಕೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂದಿದೆ. ಎಷ್ಟು ಜನ ಸೇರಿದ್ದರು ಎಂಬ ಲೆಕ್ಕ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ, ಬೇರೆ ಯಾವ ಉಪಯೋಗಕ್ಕೂ ಬಾರದು.

ಒಂದೇ ನೆಲೆ ಆರಿಸಿಕೊಳ್ಳಿ, 40 ಮನೆ ಮೀರದಿರಲಿ. 30 ವಿದ್ಯಾರ್ಥಿಗಳನ್ನೂ ಅಲ್ಲಿಗೆ ಕರೆದೊಯ್ಯಬೇಡಿ. 12 ಜನ ಸಾಕು, ಇಬ್ಬಿಬ್ಬರಂತೆ ಆರು ಜೋಡಿ, ಪ್ರತಿ ಜೋಡಿಯಲ್ಲಿ ಒಬ್ಬಳಾದರೂ ಹುಡುಗಿ. ಒಂದು ಮನೆಯವರ ಜೊತೆ ಮಾತಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಒಂದು ಭೇಟಿಯಲ್ಲಿ ಜೋಡಿಗೆ ಎರಡು ಮನೆ. ಅಲ್ಲಿಗೆ 12 ಮನೆ. ನಾಲ್ಕು ಭೇಟಿಗೆ 40 ಮನೆ ಮುಗಿಯುತ್ತದೆ. ಉಳಿದ 18 ಮಂದಿಗೆ ಕೆಲಸ ಕಡಿಮೆಯೇನಿಲ್ಲ: ಕಾನೂನಿನ ಪಠ್ಯ ಓದಿ ಯಾವ ವಿಷಯ ಯಾವ ಕಚೇರಿಗೆ ಎಂದು ಪಟ್ಟಿ ಮಾಡುವುದು, ಅರ್ಜಿ ಬರೆಯುವುದು, ಟಪಾಲಿಗೆ ಕೊಟ್ಟು ಮೊಹರು ಹಾಕಿಸಿಕೊಂಡು ಬರುವುದು, ಅರ್ಜಿಗಳ ಲೆಕ್ಕದ ವಹಿ ಬರೆಯುವುದು. ಜೋಡಿಗಳನ್ನು ಅಂಕಪಟ್ಟಿ ನೋಡಿ ಮಾಡಬೇಡಿ, ಭಾಷೆ ನೋಡಿ ಮಾಡಿ. ಲೈನ್‌ಗಳಲ್ಲಿ ತಮಿಳು, ತುಳು ಮಾತಾಡುವ ಹಳೆಯ ಕುಟುಂಬಗಳಿವೆ, ಈಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದವರೂ ಇದ್ದಾರೆ. ಬ್ಯಾರಿ, ತುಳು, ತಮಿಳು, ಹಿಂದಿ ಬಲ್ಲ ಮಕ್ಕಳು ನಿಮ್ಮ ತರಗತಿಯಲ್ಲೇ ಇರುತ್ತಾರೆ, ಯಾರೂ ಕೇಳಿರುವುದಿಲ್ಲ ಅಷ್ಟೆ. ಕೂಲಿಯವರನ್ನು ಕರೆತರುವ ಮೇಸ್ತ್ರಿಯನ್ನು ಮಾತ್ರ ದುಭಾಷಿಯಾಗಿ ಇಟ್ಟುಕೊಳ್ಳಬೇಡಿ. ಮುಂಗಡ ಕೊಟ್ಟು ಕರೆತಂದವನು ಅವನೇ ಆಗಿದ್ದರೆ ಕೂಲಿಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಲೈನ್ ಮನೆ ಇರುವುದು ಖಾಸಗಿ ಜಾಗದಲ್ಲಿ. ಅನುಮತಿ ಇಲ್ಲದೆ ನುಗ್ಗಿದರೆ ತೊಂದರೆ ನಿಮಗಲ್ಲ, ಅಲ್ಲಿರುವವರಿಗೆ. ಅನುಮತಿ ಪಡೆದು ಹೋದರೆ ರೈಟರ್ ಪಕ್ಕದಲ್ಲೇ ನಿಲ್ಲುತ್ತಾರೆ. ಎರಡೂ ಬೇಡ. ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಪಂಚಾಯಿತಿ ಕಟ್ಟಡ, ಇವು ಸಾರ್ವಜನಿಕ ಜಾಗಗಳು. ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಏನು ಕೊರತೆ ಎಂಬುದು ನಿಮ್ಮ ಪ್ರಶ್ನಾವಳಿಗಿಂತ ಚೆನ್ನಾಗಿ ಗೊತ್ತು. ಕಾಗದಪತ್ರ ಸರಿಮಾಡಿಕೊಡುವ ಮೇಜು ಎಂದು ಅಲ್ಲಿ ಕೂತರೆ ಜನ ತಾವೇ ಬರುತ್ತಾರೆ, ಮಾಲೀಕರಿಗೂ ಅದರಲ್ಲಿ ತಕರಾರು ಹುಟ್ಟುವುದಿಲ್ಲ. ಕಷ್ಟದ ಮಾತು ಎರಡನೇ ಅಥವಾ ಮೂರನೇ ಭೇಟಿಯಲ್ಲಿ ತಾನಾಗಿ ಬರುತ್ತದೆ, ಅದನ್ನು ಕೆದಕಿ ತೆಗೆಯುವುದು ಬೇಡ. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಸಾಕ್ಷಿಯೆದುರು ಪಡೆದರೆ ಸಾಕು. ಅಚ್ಚು ಹಾಕಿದ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸಾಲಪತ್ರವನ್ನು ನೆನಪಿಸುತ್ತದೆ. ಹೇಳಬೇಕಾದ್ದು ಮೂರು: ನಾವು ಯಾರು, ಇದರಿಂದ ಹಣವಾಗಲಿ ಮನೆಯಾಗಲಿ ಸಿಗುವುದಿಲ್ಲ, ಯಾವಾಗ ಬೇಕಾದರೂ ನಿಮ್ಮ ಕಾಗದ ವಾಪಸ್ ಕೇಳಬಹುದು. ಎರಡನೆಯದನ್ನು ಹೇಳಲು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ, ತರಗತಿಯಲ್ಲೇ ಹೇಳಿಸಿ ಅಭ್ಯಾಸ ಮಾಡಿಸಿ.

ಮೊದಲ ಸೆಮಿಸ್ಟರಿಗೆ ಯಾವ ಹಕ್ಕು? ಜನನ ಪ್ರಮಾಣಪತ್ರದಿಂದ ಶುರುಮಾಡುವುದು ಒಳ್ಳೆಯದು. ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1 ಮತ್ತು ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಆಧಾರ್ ಮುಂತಾದವುಗಳಿಗೆ ಹುಟ್ಟಿದ ದಿನಾಂಕಕ್ಕೂ ಸ್ಥಳಕ್ಕೂ ಪುರಾವೆ ಈ ಪ್ರಮಾಣಪತ್ರವೇ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, 30 ದಿನದೊಳಗೆ ತಡ ಶುಲ್ಕ, ಒಂದು ವರ್ಷದೊಳಗೆ ಜಿಲ್ಲಾ ಮಟ್ಟದ ನೋಂದಣಾಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದರೆ ಮೊದಲು ನ್ಯಾಯಾಲಯಕ್ಕೆ ಹೋಗಬೇಕಿತ್ತು. ಈಗ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಸಾಕು. ಹಳೆಯ ದಾರಿಯನ್ನೇ ಹೇಳಿ ಜನರನ್ನು ಕೋರ್ಟಿಗೆ ಅಲೆಸುವವರು ಇನ್ನೂ ಇದ್ದಾರೆ. ನೋಂದಣಿ ಆಗಿಲ್ಲವೆಂಬ ಪ್ರಮಾಣಪತ್ರ, ತಾಯಿ ಕಾರ್ಡ್, ಅಂಗನವಾಡಿಯ ದಾಖಲೆಯ ನಕಲು, ತಂದೆತಾಯಿಯ ಗುರುತಿನ ಚೀಟಿ, ಇಷ್ಟು ಸೇರಿಸಿಕೊಂಡು ಹೋದರೆ ಅರ್ಜಿ ತಿರುಗಿ ಬರುವುದು ಕಡಿಮೆ. ಇಲ್ಲಿ ಆಗುವ ದೊಡ್ಡ ತಪ್ಪು ಸ್ಥಳದ್ದು. ಜನನ ನೋಂದಣಿ ಆಗಬೇಕಾದ್ದು ಮಗು ಹುಟ್ಟಿದ ಊರಿನಲ್ಲಿ. ಅಸ್ಸಾಮಿನಲ್ಲಿ ಹುಟ್ಟಿದ ಮಗುವಿಗೆ ಮೂಡಿಗೆರೆಯಲ್ಲಿ ಅರ್ಜಿ ಹಾಕಿದರೆ ಆರು ತಿಂಗಳ ನಂತರ ತಿರಸ್ಕಾರವಷ್ಟೇ ಕೈಗೆ ಬರುತ್ತದೆ. ಅಂಥ ಮಗುವನ್ನು ಶಾಲೆಗೆ ಸೇರಿಸುವುದನ್ನು ಪ್ರಮಾಣಪತ್ರ ಬರುವವರೆಗೆ ನಿಲ್ಲಿಸಬೇಡಿ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಸೆಕ್ಷನ್ ಸಂಖ್ಯೆ ಬರೆದ ಅರ್ಜಿಯನ್ನು ಮುಖ್ಯ ಶಿಕ್ಷಕರಿಗೆ ಕೊಟ್ಟು ಪ್ರತಿಯ ಮೇಲೆ ಸಹಿ ಕೇಳಿ. ಸಹಿ ಕೇಳಿದ ಮೇಲೆ ಹೆಚ್ಚಾಗಿ ಮಾತು ಬದಲಾಗುತ್ತದೆ.

ಎರಡನೆಯದು ಪಡಿತರ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ ಅಸ್ಸಾಂ ಸೇರಿದ್ದು ಎಲ್ಲಕ್ಕಿಂತ ಕೊನೆಗೆ, 2022ರ ಜೂನ್‌ನಲ್ಲಿ. ಅಲ್ಲಿಂದೀಚೆಗೆ ಯಾವ ರಾಜ್ಯದ ಆಹಾರ ಭದ್ರತಾ ಕಾಯ್ದೆಯ ಚೀಟಿಯಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ನಡೆಯಬೇಕು. ತಮ್ಮ ಪಾಲಿನ ಒಂದಷ್ಟನ್ನು ಇಲ್ಲಿ ತೆಗೆದುಕೊಂಡು, ಉಳಿದದ್ದನ್ನು ಊರಿನಲ್ಲಿರುವ ಕುಟುಂಬ ಅಲ್ಲಿ ತೆಗೆದುಕೊಳ್ಳಲೂ ಬರುತ್ತದೆ. ಸಿಗುವುದು ಕೇಂದ್ರದ ಪಾಲಿನ ಧಾನ್ಯ ಮಾತ್ರ. ಕರ್ನಾಟಕ ತನ್ನ ಚೀಟಿದಾರರಿಗೆ ಕೊಡುವ ಹೆಚ್ಚುವರಿ ಇವರಿಗಿಲ್ಲ, ಇದನ್ನು ಮೊದಲೇ ಹೇಳಿಬಿಡಿ. ಕೆಲಸ ಕೆಡುವುದು ಎರಡು ಕಡೆ: ಕೆಲಸಕ್ಕೆ ಬಂದವನ ಆಧಾರ್ ಪಡಿತರ ಚೀಟಿಗೆ ಜೋಡಣೆಯಾಗಿರುವುದಿಲ್ಲ, ಇಲ್ಲವೇ ಕೊಯ್ಲಿನ ತಿಂಗಳಲ್ಲಿ ಬೆರಳ ತುದಿ ಸವೆದು ಯಂತ್ರ ಹಿಡಿಯುವುದಿಲ್ಲ. ಮೊದಲನೆಯದನ್ನು ಊರಿಗೆ ಫೋನ್ ಮಾಡಿಸಿ ಸರಿಪಡಿಸಬೇಕು. ಎರಡನೆಯದಕ್ಕೆ ಬೇರೆ ಬೆರಳು, ಕಣ್ಣಿನ ಪಾಪೆ ಅಥವಾ ಮೊಬೈಲ್ ಸಂದೇಶದ ದಾರಿ ಆ ಅಂಗಡಿಯಲ್ಲಿ ಇದೆಯೇ ಎಂದು ಕೇಳಿ.

ಕೂಲಿಯ ವಿಷಯಕ್ಕೆ ಬಂದಾಗ ನಿಮ್ಮ ಕೊನೆಯ ಪ್ರಶ್ನೆಯೂ ಬರುತ್ತದೆ. ಆಯೋಗಕ್ಕೆ ಯಾರು ಬೇಕಾದರೂ ಬರೆಯಬಹುದು, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆದರೆ ಸಾಕು. ಆದರೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಆಯೋಗ ನೋಡುವುದು ಸಾರ್ವಜನಿಕ ನೌಕರರಿಂದ ಆದ ಉಲ್ಲಂಘನೆ, ಅಥವಾ ಉಲ್ಲಂಘನೆ ತಡೆಯುವಲ್ಲಿ ಅವರ ನಿರ್ಲಕ್ಷ್ಯ. ಘಟನೆ ನಡೆದು ಒಂದು ವರ್ಷ ದಾಟಿದ್ದರೆ ಅದು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಬೇರೆ ಶಾಸನಬದ್ಧ ಆಯೋಗದ ಮುಂದೆ ಇರುವ ವಿಷಯವನ್ನೂ ಮುಟ್ಟುವಂತಿಲ್ಲ, ಹಾಗಾಗಿ ಒಂದೇ ದೂರನ್ನು ಮಹಿಳಾ ಆಯೋಗ, ರಾಷ್ಟ್ರೀಯ ಆಯೋಗ, ರಾಜ್ಯ ಆಯೋಗ ಮೂರಕ್ಕೂ ಕಳಿಸುವ ಜಾಣತನ ಉಲ್ಟಾ ಹೊಡೆಯುತ್ತದೆ. ಜಮೀನು ವ್ಯಾಜ್ಯ, ಸೇವಾ ವಿಷಯ, ಕಾರ್ಮಿಕ ವಿವಾದ, ಹೆಸರಿಲ್ಲದ ಅರ್ಜಿ ಇವೆಲ್ಲ ರಾಷ್ಟ್ರೀಯ ಆಯೋಗದ ನಿಯಮದಂತೆ ಬಾಗಿಲಲ್ಲೇ ವಜಾ ಆಗುವ ಬಗೆಗಳು. ಅಂದರೆ “ಮಾಲೀಕರು ಮೂರು ವಾರದ ಕೂಲಿ ಕೊಟ್ಟಿಲ್ಲ” ಎಂಬುದು ಆಯೋಗದ ವಿಷಯವಲ್ಲ. “ಕಾರ್ಮಿಕ ನಿರೀಕ್ಷಕರಿಗೆ ಇಂಥ ತಾರೀಕಿಗೆ ಅರ್ಜಿ ಕೊಟ್ಟೆವು, ಮೊಹರು ಇಲ್ಲಿದೆ, ನೆನಪೋಲೆ ಇಲ್ಲಿದೆ, ನಾಲ್ಕು ತಿಂಗಳಾದರೂ ಕ್ರಮವಿಲ್ಲ” ಎಂಬುದು ಆಯೋಗದ ಮುಂದೆ ನಿಲ್ಲುವ ವಿಷಯ. ಮೊದಲ ಮೊಹರಿಲ್ಲದೆ ಎರಡನೇ ದೂರು ನಿಲ್ಲದು. ಆಯೋಗ ಕೊನೆಗೆ ಮಾಡುವುದು ಶಿಫಾರಸು ಎಂಬುದನ್ನೂ ಜನರಿಗೆ ಹೇಳಿ.

ಬಾಕಿ ಕೂಲಿಗೆ ಈಗ ವೇತನ ಸಂಹಿತೆ ಅನ್ವಯ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ತೋಟ ಕಾರ್ಮಿಕರ 1951ರ ಕಾಯ್ದೆ ಅವುಗಳಲ್ಲಿ ಲೀನವಾಗಿದೆ. ನಿಮ್ಮ ಗ್ರಂಥಾಲಯದ ಪುಸ್ತಕಗಳು ಹಳೆಯವಾದರೆ ಅದೇ ಸೆಕ್ಷನ್‌ಗಳನ್ನು ಅರ್ಜಿಗೆ ನಕಲು ಮಾಡಬೇಡಿ. ಬಾಕಿ ಕೂಲಿ ಕೇಳಲು ಮೂರು ವರ್ಷದ ಅವಧಿ ಇದೆ, ಹಿಂದೆ ಇಷ್ಟು ಇರಲಿಲ್ಲ. ವಸತಿ, ಕುಡಿಯುವ ನೀರು, ಶೌಚಾಲಯದ ಹೊಣೆ ಮಾಲೀಕರದ್ದೇ ಎಂಬುದು ಹೊಸ ಸಂಹಿತೆಯಲ್ಲೂ ಉಳಿದಿದೆ. ಆದರೆ ಅದು ಅನ್ವಯಿಸುವುದು 5 ಹೆಕ್ಟೇರಿಗೆ ಕಡಿಮೆಯಿಲ್ಲದ ತೋಟಗಳಿಗೆ. ನಮ್ಮ ಲೆಕ್ಕದಲ್ಲಿ ಸುಮಾರು 12 ಎಕರೆ 14 ಗುಂಟೆ. ಮಲೆನಾಡಿನಲ್ಲಿ ಇದಕ್ಕಿಂತ ಸಣ್ಣ ಹಿಡುವಳಿಗಳು ಬೇಕಾದಷ್ಟಿವೆ, ಒಂದೇ ಮನೆಯವರ ತೋಟ ಮೂರು ನಾಲ್ಕು ಹೆಸರಿನ ಪಹಣಿಗಳಲ್ಲಿ ಹಂಚಿರುವುದೂ ಉಂಟು. ಅರ್ಜಿ ಬರೆಯುವ ಮುನ್ನ ಪಹಣಿ ತೆಗೆಸಿ ವಿಸ್ತೀರ್ಣ ನೋಡುವ ಕೆಲಸವನ್ನು ಕಾಗದದ ಕೆಲಸದ ಆ 18 ಮಂದಿಗೆ ವಹಿಸಿ.

ಮುಂಗಡದ ಮಾತು ಬಂದರೆ ಮಾತ್ರ ನಿಧಾನಿಸಿ. ಮುಂಗಡ ಪಡೆದದ್ದೇ ತಪ್ಪಲ್ಲ. ಮುಂಗಡ ತೀರುವವರೆಗೆ ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲ, ಊರಿಗೆ ಹೋಗುವುದಾದರೆ ಹೆಂಡತಿಯನ್ನೋ ಮಗನನ್ನೋ ಬಿಟ್ಟು ಹೋಗಬೇಕು, ಕೂಲಿ ಮುರಿದುಕೊಂಡು ಕೈಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಬರುತ್ತಿದೆ, ಆಧಾರ್ ಚೀಟಿ ಮೇಸ್ತ್ರಿಯ ಹತ್ತಿರವಿದೆ. ಇವು ಕೇಳಿಬಂದರೆ ಅದು ಕೂಲಿ ತಕರಾರು ಅಲ್ಲ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವಿಷಯ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕೂಲಿಯವರ ಪ್ರಕರಣದಲ್ಲಿ ಹೇಳಿದೆ. ಇಲ್ಲಿ ವಿದ್ಯಾರ್ಥಿಗಳ ಕೆಲಸ ನಿಲ್ಲಬೇಕು. ಮಾಲೀಕರ ಬಳಿ ಸಮಜಾಯಿಷಿ ಕೇಳಲು ಹೋಗುವುದು ಅತ್ಯಂತ ಕೆಟ್ಟ ಹೆಜ್ಜೆ, ಮರುದಿನ ಬೆಳಗಾಗುವಷ್ಟರಲ್ಲಿ ಆ ಕುಟುಂಬ ಅಲ್ಲಿರುವುದಿಲ್ಲ. ನೀವೇ ಖುದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಿ, ಉಪವಿಭಾಗಾಧಿಕಾರಿಗೆ ಲಿಖಿತವಾಗಿ ಕೊಡಿ. ಜೀತದಿಂದ ಬಿಡುಗಡೆಯ ಪತ್ರ ಆಗುವವರೆಗೆ ವಿಷಯ ತರಗತಿಯಲ್ಲಿ ಚರ್ಚೆಯಾಗಬಾರದು.

ಅದೇ ರೀತಿ, ಮಗುವೊಂದು ಲೈಂಗಿಕ ದೌರ್ಜನ್ಯದ ಮಾತು ಹೇಳಿದರೆ ವಿದ್ಯಾರ್ಥಿ ಪ್ರಶ್ನೆ ಮುಂದುವರಿಸಬಾರದು. ಕೇಳಿದ ಮಾತನ್ನು ಮಗುವಿನ ಪದಗಳಲ್ಲೇ ಬರೆದು ಅದೇ ದಿನ ನಿಮಗೆ ಕೊಡಬೇಕು, ನೀವು ಅದೇ ದಿನ ಪೊಲೀಸರಿಗೆ ತಿಳಿಸಬೇಕು, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಶೋಧನೆಯ ಗೋಪ್ಯತೆ ಇಲ್ಲಿ ನಡೆಯದು. ಆದ್ದರಿಂದ ಎಲ್ಲವನ್ನೂ ಗುಟ್ಟಾಗಿಡುತ್ತೇವೆ ಎಂದು ಯಾರಿಗೂ ಮಾತು ಕೊಡದಂತೆ ಮೊದಲೇ ಎಚ್ಚರಿಸಿ.

ಕಾಡಿನಲ್ಲಿ ನೆಲೆಸಿದವರಿಗೆ ಆ ಭೂಮಿಯ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಎಲ್ಲರನ್ನೂ ಸೆಳೆಯುವ ವಿಷಯ, ಕಳಸ, ಕುದುರೆಮುಖದ ಅಂಚಿನಲ್ಲಿ ಮಲೆಕುಡಿಯರೂ ಗೌಡಲು ಸಮುದಾಯದವರೂ ಇದ್ದಾರೆ. ಒಂದು ಸೆಮಿಸ್ಟರಿಗೆ ಅದು ಹೊಂದುವುದಿಲ್ಲ. ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ ಎಂಬ ಮೂರು ಹಂತಗಳಿಗೆ ವರ್ಷಗಳೇ ಹಿಡಿಯುತ್ತವೆ. ತಿರಸ್ಕಾರದ ಆದೇಶ ಕೈಗೆ ಬಂದಿರುವ ಕುಟುಂಬವಿದ್ದರೆ ಮಾತ್ರ ದಿನಾಂಕ ನೋಡಿ, ಮೇಲ್ಮನವಿಗೆ 60 ದಿನ. ಒಂದು ದಿನವೂ ತಡಮಾಡದೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯಿರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಕೇಳದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಅರ್ಜಿ ಬರೆಯುವ ಕ್ರಮ ಇಷ್ಟು. ಒಂದು ಅರ್ಜಿಗೆ ಒಂದೇ ವಿಷಯ, ಒಂದೇ ಪುಟ. ನೀರು, ರಸ್ತೆ, ಪಡಿತರ, ದೀಪ ಎಲ್ಲ ತುಂಬಿದ ಅರ್ಜಿಯನ್ನು ಪ್ರತಿ ವಿಭಾಗವೂ ಇನ್ನೊಂದು ವಿಭಾಗದ್ದು ಎಂದು ತಳ್ಳುತ್ತದೆ. ಯಾರಿಗೆ, ಏನು ಆಗಿದೆ, ಯಾವ ತಾರೀಕು, ಏನು ಬೇಕು, ಏನು ಲಗತ್ತಿಸಿದೆ, ಐದೇ ಭಾಗ. “ದಯಮಾಡಿ ನ್ಯಾಯ ಒದಗಿಸಬೇಕು” ಎಂದರೆ ಯಾರೂ ಏನೂ ಮಾಡಬೇಕಾಗುವುದಿಲ್ಲ, “ಸ್ಥಳ ತನಿಖೆ ಮಾಡಿ ಹಿಂಬರಹ ಕೊಡಬೇಕು” ಎಂದರೆ ಒಬ್ಬರಾದರೂ ಏಳಬೇಕಾಗುತ್ತದೆ. ಸಹಿ ಅರ್ಜಿದಾರರದ್ದೇ ಇರಲಿ, ಕಾಲೇಜಿನ ತಲೆಬರಹದ ಕಾಗದ ಬೇಡ. ಹೆಬ್ಬೆಟ್ಟಾದರೆ ಓದಿ ಹೇಳಿದವರ ಹೆಸರು, ಸಹಿ ಪಕ್ಕದಲ್ಲಿರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ತಾರೀಕು, ಟಪಾಲು ಸಂಖ್ಯೆ ಹಾಕಿಸಿಕೊಳ್ಳಿ. ಆ ಪ್ರತಿ ಅರ್ಜಿದಾರರ ಮನೆಯಲ್ಲಿರಬೇಕು, ಕಾಲೇಜಿಗೆ ಅದರ ನಕಲು. 30 ದಿನ ಕಾದು ನೆನಪೋಲೆ, ಆಮೇಲೆ ಮಾಹಿತಿ ಹಕ್ಕು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, 150 ಪದದ ಮಿತಿ ಇದೆ. ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮಾಹಿತಿ ಅಧಿಕಾರಿ. “ಏಕೆ ಕ್ರಮ ಕೈಗೊಂಡಿಲ್ಲ” ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ಉತ್ತರ ಬರುತ್ತದೆ. “ಇಂಥ ಟಪಾಲು ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ” ಎಂದು ಕೇಳಿ.

ಅಂಕ ಕೊಡುವಾಗ ವಹಿಯನ್ನೇ ನೋಡಿ. ಮನೆಯ ಸಂಖ್ಯೆ, ವಿಷಯ, ಕಚೇರಿ, ಟಪಾಲು ಸಂಖ್ಯೆ, ಕೊಟ್ಟ ತಾರೀಕು, ಮುಂದಿನ ತಾರೀಕು, ಈಗಿನ ಸ್ಥಿತಿ, ಯಾರ ಹೊಣೆ ಎಂದು ಎಂಟು ಕಾಲಂ. ಕೆಲಸ ಆಗದ ಅರ್ಜಿಯ ಕಾರಣ ಸರಿಯಾಗಿ ಬರೆದವರಿಗೂ ಪೂರ್ತಿ ಅಂಕ ಸಿಗಬೇಕು, ಇಲ್ಲದಿದ್ದರೆ ಸ್ಥಿತಿಯ ಕಾಲಂನಲ್ಲಿ ಸುಳ್ಳು ತುಂಬುತ್ತದೆ. ಪ್ರಬಂಧದಲ್ಲಿ ಊರಿನ ಹೆಸರು ಮರೆಮಾಚಿ, ತೋಟದ ವಿಸ್ತೀರ್ಣ, ಹತ್ತಿರದ ವೃತ್ತ, ದೇವಸ್ಥಾನ ಬರೆದರೆ ಮರೆಮಾಚಿದಂತಾಗಲಿಲ್ಲ, ಆ ಸೀಮೆಯವರಿಗೆಲ್ಲ ಗೊತ್ತಾಗುತ್ತದೆ. ತಾಲ್ಲೂಕಿನ ಹೆಸರಿಗೇ ನಿಲ್ಲಿಸಿ.

ಹೊಸ ಅರ್ಜಿಗಳನ್ನು ಸೆಮಿಸ್ಟರ್ ಮುಗಿಯಲು ಆರು ವಾರ ಇರುವಾಗಲೇ ನಿಲ್ಲಿಸಿಬಿಡಿ. ಆ ಆರು ವಾರ ನೆನಪೋಲೆಗೂ ಹಸ್ತಾಂತರಕ್ಕೂ ಬೇಕು. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಸ್ವಯಂಸೇವಕರು ಎರಡು ವರ್ಷ ಇರುತ್ತಾರೆ, ಕಾನೂನು ನೆರವಿಗೆ ತರಬೇತಿ ಪಡೆದ, ಕಾನೂನು ಸೇವಾ ಸಮಿತಿಯ ಪ್ಯಾರಾ ಲೀಗಲ್ ಸ್ವಯಂಸೇವಕರು ಅದೇ ತಾಲ್ಲೂಕಿನವರು. ತೀರದ ಪ್ರತಿ ಕಡತಕ್ಕೂ ಇವರಲ್ಲಿ ಒಬ್ಬರ ಹೆಸರು ಬರೆದು, ಆ ಮನೆಯವರಿಗೆ ಮುಖತಃ ಪರಿಚಯ ಮಾಡಿಸಿ. ಮುಂದಿನ ತಂಡ ಬಂದಾಗ ಅವರ ಮೊದಲ ಭೇಟಿ ಇದೇ 40 ಮನೆಗೆ, ಇದೇ ವಹಿ ಹಿಡಿದು.